ಕೊತ್ತತ್ತಿಯ ಕಾಳಮ್ಮನವರ ಹಸಿವು

ವೈದ್ಯ ವೃತ್ತಿಗೆ ಹೊಸದಾಗಿ ಬರುತ್ತಿರುವ ಕಿರಿಯರು ನನ್ನನ್ನು ಕಂಡಾಗ ಸಾಮಾನ್ಯವಾಗಿ ಕೇಳುವುದು ಶಸ್ತ್ರಚಿಕಿತ್ಸೆಗಳನ್ನು ಕುರಿತು. ಆ ಕಾಲದಲ್ಲಿ ರೋಗಿಗೆ ಜ್ಞಾನ ತಪ್ಪಿಸುತ್ತಿದ್ದುದು ಹೇಗೆ, ನಡುವೆ ದೀಪ ಆರಿದರೆ ಏನು ಮಾಡುತ್ತಿದ್ದಿರಿ ಎಂದು ಕುತೂಹಲದಿಂದ ವಿಚಾರಿಸುತ್ತಾರೆ. ನಾನು ಶಸ್ತ್ರಚಿಕಿತ್ಸಕನಾಗಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಸಾಮಾನ್ಯ ವೈದ್ಯನಾಗಿ ದುಡಿದವನು. ಹೊಟ್ಟೆ ಕೊಯ್ಯುವ ಕೆಲಸ ಮೈಸೂರಿನಲ್ಲಿ ನಡೆಯುತ್ತಿತ್ತು. ಕೊಯ್ಯುವುದಕ್ಕೆ ಮುಂಚೆ ರೋಗಿಯನ್ನು ಅಣಿಗೊಳಿಸುವುದು, ಕೊಯ್ದ ಮೇಲೆ ಊರಿಗೆ ಮರಳಿದವರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಈ ಎರಡನೆಯ ಕೆಲಸವನ್ನು ಕುರಿತು ನಮ್ಮ ಪಠ್ಯಪುಸ್ತಕದಲ್ಲಿ ಅರ್ಧ ಪುಟವೂ ಇರಲಿಲ್ಲ. ಆದುದರಿಂದ ಅದನ್ನೇ ಬರೆಯಲು ಕುಳಿತಿದ್ದೇನೆ.

ನಮ್ಮ ತಂದೆಯವರು ಮದ್ದೂರಿನಲ್ಲಿ ಎಣ್ಣೆಯ ಗಾಣ ನಡೆಸುತ್ತಿದ್ದರು. ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಮಾತಿನಲ್ಲಿ ಎಲ್ಲಿ ತಪ್ಪುವೆನೋ ಎಂಬ ಅಳುಕು ನನ್ನನ್ನು ಸದಾ ಕಾಡುತ್ತಿತ್ತು. ಆ ಅಳುಕಿನಿಂದಲೇ ರೋಗಿಗಳ ಸಂಗಡವೂ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದೆ. "ಆಹಾರವನ್ನು ಅಲ್ಪ ಪ್ರಮಾಣದಲ್ಲಿ ಸೇವಿಸತಕ್ಕದ್ದು" ಎನ್ನುತ್ತಿದ್ದೆ. ಅವರು ಬಹಳ ಗೌರವದಿಂದ ತಲೆಯಾಡಿಸಿ ಹೋಗುತ್ತಿದ್ದರು.

ಮಳವಳ್ಳಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರೊಬ್ಬರು ಹೀಗೆಯೇ ತಲೆಯಾಡಿಸಿ ಹೋದವರು. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೈಸೂರಿನಿಂದ ಬಂದಿದ್ದರು. ಮರುದಿನವೇ ಮಗನ ಹೆಗಲ ಮೇಲೆ ಕೈಹಾಕಿಕೊಂಡು, ಬೆವರಿಳಿಸುತ್ತಾ, ಔಷಧಾಲಯದ ಜಗುಲಿಯಲ್ಲಿ ಕುಸಿದು ಕುಳಿತರು. ಏನು ಉಂಡಿರಿ ಎಂದು ಕೇಳಿದೆ.

"ನೀವು ಕಮ್ಮಿ ಉಣ್ಣು ಅಂದ್ರಲ್ಲ ಸ್ವಾಮಿ, ಕಮ್ಮೀನೇ ಉಂಡಿವ್ನಿ. ಎಲ್ಡೇ ಮುದ್ದೆ."

ಅವರು ದೇವರಾಣೆಗೂ ನಿಜ ಹೇಳುತ್ತಿದ್ದರು. ರಾಗಿ ಮುದ್ದೆಯನ್ನು ಅಗಿಯದೆ ನುಂಗುವ ಸೀಮೆಯಲ್ಲಿ ಎರಡು ಮುದ್ದೆಯೆಂದರೆ ಉಪವಾಸಕ್ಕೆ ಸಮ. ಸಾಬರು ಚೇತರಿಸಿಕೊಂಡರು. ಆದರೆ ಆಸ್ಪತ್ರೆಯಲ್ಲಿ ಹೇಳಿದ ಪಥ್ಯವು ಅಡಿಗೆಮನೆಯವರೆಗೆ ತಲುಪುವುದಿಲ್ಲವೆಂದು ಅಂದು ಮನವರಿಕೆಯಾಯಿತು. ಅಂದಿನಿಂದ ಇಂಥ ರೋಗಿಗಳ ಮನೆಗೆ ನಾನೇ ಹೋಗತೊಡಗಿದೆ.

ಮಂಡ್ಯಕ್ಕೆ ವರ್ಗವಾದ ಮೇಲೆ, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ಕೊತ್ತತ್ತಿಯಿಂದ ಗಾಡಿಯಲ್ಲಿ ಒಬ್ಬ ಹೆಂಗಸನ್ನು ಕರೆತಂದರು. ಹೆಸರು ಪುಟ್ಟತಾಯಮ್ಮ. ಇಪ್ಪತ್ತೈದರ ಆಸುಪಾಸಿನ ಪ್ರಾಯ. ಜೊತೆಗೆ ಗಂಡ ಬೋರೇಗೌಡ ಮತ್ತು ಅತ್ತೆ ಕಾಳಮ್ಮನವರು. ಹಿಂದಿನ ದಿನ ಉಂಡದ್ದು ಮರುದಿನ ಸಂಜೆ ವಾಂತಿಯಾಗುತ್ತಿತ್ತು. ಜಠರದ ಕೆಳಬಾಯಿಯಲ್ಲಿ ಹುಣ್ಣಾಗಿ, ಮಾಯ್ದು, ಮತ್ತೆ ಹುಣ್ಣಾಗಿ, ಕಡೆಗೆ ಆ ದಾರಿಯೇ ಬಿಗಿದು ಮುಚ್ಚಿಹೋಗುವ ಕಾಯಿಲೆ ಅದು. ಹೆಂಗಸರಲ್ಲಿ ಅಪರೂಪ. ಹೊಟ್ಟೆಯ ಮೇಲೆ ಕೈಯಿಟ್ಟು ಅಲುಗಿಸಿದರೆ ಅರೆತುಂಬಿದ ಕೊಡದಂತೆ ಒಳಗೆ ನೀರು ಕುಲುಕಾಡುತ್ತಿತ್ತು.

ನಮ್ಮ ಹಿರಿಯ ವೈದ್ಯಾಧಿಕಾರಿಗಳು ಮಿತಭಾಷಿಗಳು. ಪರೀಕ್ಷಿಸಿ ಕೈ ತೊಳೆಯುತ್ತಾ, "ಮೈಸೂರಿಗೆ ಹೋಗಬೇಕು. ಆದರೆ ಈಗಲೇ ಕಳಿಸಿದರೆ ಮೇಜಿನ ಮೇಲೆಯೇ ಉಸಿರು ನಿಲ್ಲುತ್ತೆ. ಮೊದಲು ಮೈಯಲ್ಲಿ ಶಕ್ತಿ ತುಂಬಿಸಿ," ಎಂದರು.

ಶಕ್ತಿ ತುಂಬಿಸುವುದು ನನ್ನ ಕೆಲಸವಾಯಿತು. ಸಂಜೆ ರಬ್ಬರು ನಳಿಕೆಯಿಳಿಸಿ ಜಠರವನ್ನು ತೊಳೆಯುವುದು, ತೊಳೆದ ಮೇಲೆ ಹಾಲು, ಗ್ಲೂಕೋಸಿನ ನೀರು, ಹಸಿ ಮೊಟ್ಟೆ ಕಲಸಿದ ಹಾಲು. ಕೊಕ್ಕೆಹುಳುವಿಗೆ ಔಷಧ. ರಕ್ತ ಹೆಚ್ಚಲು ಕಬ್ಬಿಣದ ಕಷಾಯ. ಆಕೆ ನಳಿಕೆಯನ್ನು ನುಂಗುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಾಳಮ್ಮನವರು ಮಂಚದ ಕಾಲ ಬಳಿ ಕುಳಿತು ಸೊಸೆಯ ಪಾದ ಹಿಡಿದುಕೊಂಡು ನನ್ನನ್ನು ಬೈಯುತ್ತಿದ್ದರು.

ಒಂದು ದಿನ ಕಾಳಮ್ಮನವರು ಕೇಳಿದರು: "ಅಲ್ಲಾ ಕಣಪ್ಪ ಡಾಕ್ಟ್ರಪ್ಪ, ಒಟ್ಟೆ ಕುಯ್ದು ಅರ್ಧ ತಗದ್ಬುಟ್ರೆ ಉಂಡಿದ್ದು ಎಲ್ಲಿಗೆ ಓಯ್ತದೆ?"

ನಾನು ಆಕೆಯ ಎಲೆ ಅಡಿಕೆ ಸಂಚಿಯನ್ನೆತ್ತಿಕೊಂಡು, ಇದರ ಬಾಯಿ ಬಿಗಿದುಹೋಗಿದೆಯೆಂದು ಭಾವಿಸಿ, ಬಿಗಿದ ಭಾಗವನ್ನು ಕತ್ತರಿಸಿ ಉಳಿದುದನ್ನು ಕೆಳಗಿನ ಕರುಳಿಗೆ ಹೊಲಿಯುತ್ತಾರೆ ಎಂದು ಕೈಯಲ್ಲಿ ತೋರಿಸಿದೆ.

"ನನ್ ಸಂಚಿ ಕೆಳಗಿಕ್ಕು. ಅರ್ಥ ಆಯ್ತು. ದೊಡ್ ಸಂಚಿ ಓಗಿ ಚಿಕ್ ಸಂಚಿ ಆಯ್ತದೆ."

"ಹೌದವ್ವ. ಚಿಕ್ಕದಾದ್ದರಿಂದ ಪದೇ ಪದೇ ತುಂಬಬೇಕು."

ಅದುವರೆಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಪುಟ್ಟತಾಯಮ್ಮ ಈಚೆ ತಿರುಗಿದರು. "ಆಮೇಕೆ ನಾನು ಗದ್ದೆಗೆ ಇಳೀಬೋದಾ? ಇಲ್ಲಾ ಮನೇಲಿ ಕುಂತಿರೋಳಾಯ್ತೀನಾ?" ಎಂದು ಕೇಳಿದರು. ಸಾಯುತ್ತೇನೆಯೇ ಎಂದು ಕೇಳಲಿಲ್ಲ. ಹೊಲ ಗದ್ದೆಗೆ ಬಾರದ ಸೊಸೆಗೆ ಮನೆಯಲ್ಲಿ ಯಾವ ಸ್ಥಾನವೆಂಬ ಚಿಂತೆ ಆಕೆಗೆ ಸಾವಿಗಿಂತ ದೊಡ್ಡದಾಗಿತ್ತು. ಪಥ್ಯವನ್ನು ಪಾಲಿಸಿದರೆ ಖಂಡಿತವಾಗಿಯೂ ಇಳಿಯಬಹುದು ಎಂದೆ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮೈಸೂರಿನ ಶಸ್ತ್ರವೈದ್ಯರು ಹೇಳಿ ಕಳುಹಿಸಿದ್ದ ಪಥ್ಯ ಸರಳವಾಗಿತ್ತು. ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಉಣ್ಣಬೇಕು. ಚೆನ್ನಾಗಿ ಅಗಿಯಬೇಕು. ಊಟದೊಂದಿಗೆ ನೀರು ಕುಡಿಯಬಾರದು, ಸಿಹಿ ತಿನ್ನಬಾರದು. ಉಂಡ ಮೇಲೆ ಕೊಂಚ ಹೊತ್ತು ಮಲಗಬೇಕು. ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ. ಮೂವರೂ ತಲೆಯಾಡಿಸಿದರು. ಮಳವಳ್ಳಿಯ ಸಾಬರೂ ಹೀಗೆಯೇ ತಲೆಯಾಡಿಸಿದ್ದರು.

ಕೆಲವು ವಾರಗಳಾದ ಮೇಲೆ ನಾಲೆಯ ಏರಿಯ ಮೇಲೆ ಬೈಸಿಕಲ್ ತುಳಿದುಕೊಂಡು ಕೊತ್ತತ್ತಿಗೆ ಹೋದೆ. ಮಧ್ಯಾಹ್ನ ಮೀರಿತ್ತು. ಪುಟ್ಟತಾಯಮ್ಮ ಒಲೆಯ ಮುಂದೆ ಕುಳಿತಿದ್ದರು. ಕೊಯ್ಯುವುದಕ್ಕೆ ಮುಂಚೆ ಇದ್ದುದಕ್ಕಿಂತಲೂ ಬಡವಾಗಿದ್ದರು. ಊಟವಾಯಿತೇ ಎಂದು ಕೇಳಿದೆ.

"ಇನ್ನೂ ಇವ್ರು ಗದ್ದೆಯಿಂದ ಬಂದಿಲ್ವಲ್ಲ."

ಗಂಡ ಬರಬೇಕು, ಮೈದುನ ಮರೀಗೌಡ ಬರಬೇಕು, ಅವರು ಉಣ್ಣಬೇಕು, ಅತ್ತೆ ಉಣ್ಣಬೇಕು, ಆಮೇಲೆ ಸೊಸೆ. ಆ ವೇಳೆಗೆ ಹಸಿವಿನಿಂದ ಕಣ್ಣು ಕತ್ತಲಿಟ್ಟಿರುತ್ತಿತ್ತು. ಉಳಿದ ಒಂದು ಮುದ್ದೆಯನ್ನು ಒಂದೇ ಉಸಿರಿಗೆ ನುಂಗಿ ಏಳುವುದು. ಎದ್ದೊಡನೆ ಎದೆ ಹಾರುವುದು, ಬೆವರು, ತಲೆ ತಿರುಗುವುದು. ಸುಸ್ತಾದವರಿಗೆ ನಮ್ಮ ಕಡೆ ಏನು ಕೊಡುತ್ತಾರೋ ಅದನ್ನೇ ಬೋರೇಗೌಡರು ಕೊಡುತ್ತಿದ್ದರು; ದೊಡ್ಡ ಲೋಟದ ತುಂಬ ಬೆಲ್ಲದ ಪಾನಕ. ಕುಡಿದ ಮೇಲೆ ಆಕೆ ನೆಲಕ್ಕೆ ಉರುಳುತ್ತಿದ್ದರು.

"ಬೆಲ್ಲದ ನೀರು ಕುಡುದ್ರೆ ಎಂಥೋರ್ಗೂ ಸುಸ್ತು ಓಯ್ತದೆ. ಇವ್ಳಿಗ್ ಮಾತ್ರ ಯಾಕ್ ಸ್ವಾಮಿ ಎಚ್ಚಾಯ್ತದೆ? ಅಕ್ಕಪಕ್ಕದೋರು ಗಾಳಿ ಮೆಟ್ಕಂಡದೆ ಅಂತಾವ್ರೆ," ಎಂದು ಗದ್ದೆಯಿಂದ ಬಂದ ಬೋರೇಗೌಡರು ಕೇಳಿದರು.

ಮೊದಲು ಜಠರದಲ್ಲಿ ನಿಂತು ನಿಧಾನವಾಗಿ ಇಳಿಯುತ್ತಿದ್ದ ಆಹಾರ ಈಗ ನಿಲ್ಲಲು ಜಾಗವಿಲ್ಲದೆ ನೇರವಾಗಿ ಕರುಳಿಗೆ ಧುಮುಕುತ್ತದೆ, ಸಿಹಿಯಾದರೆ ಇನ್ನೂ ರಭಸ, ಗಾಳಿಯೂ ಅಲ್ಲ ದೆವ್ವವೂ ಅಲ್ಲ ಎಂದು ವಿವರಿಸಿದೆ. ಎಲ್ಲರಿಗಿಂತ ಮುಂಚೆ, ಹಸಿವಾಗುವುದಕ್ಕೆ ಬಿಡದೆ, ಆಕೆ ಉಣ್ಣಬೇಕು ಎಂದೆ.

ಬೋರೇಗೌಡರು ಮಾಡಿನ ಹೆಂಚಿನ ಕಡೆ ನೋಡಿದರು. ಪುಟ್ಟತಾಯಮ್ಮ ತಲೆ ತಗ್ಗಿಸಿಯೇ ಹೇಳಿದರು: "ಗಂಡುಸ್ರು ಗದ್ದೇಲಿರುವಾಗ ಸೊಸೆ ಒಲೆ ಮುಂದೆ ಕುಂತು ಉಂಡ್ರೆ, ಅದು ಮನೆಯಾ?"

"ತುಂಬ ಬೇಡಮ್ಮ. ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿಕೊಂಡರೆ ಸಾಕು," ಎಂದೆ.

ಕಾಳಮ್ಮನವರು ಕುಳಿತಲ್ಲಿಂದ ಎದ್ದೇಬಿಟ್ಟರು. "ಏನಂದೆ? ನಿಂಬೆಅಣ್ಣಿನ್ ಗಾತ್ರದ್ ಮುದ್ದೆಯಾ? ಈ ಮನೇಲಿ ಅಂಥ ಮುದ್ದೆ ಕಟ್ಟೋದು ವರ್ಸಕ್ಕೊಂದು ಸಲ, ಸತ್ತಿರೋ ಇರೀಕ್ರಿಗೆ ಎಡೆ ಇಕ್ಕಕ್ಕೆ. ನಮ್ಮೆಜಮಾನ್ರಿಗೆ ಇಕ್ಕಿವ್ನಿ. ಬದುಕಿ ಬಂದಿರೋ ಸೊಸೆ ಮುಂದೆ ಅದ್ನ ಇಕ್ಕು ಅಂತೀಯಲ್ಲ, ಬಾಯ್ಗೆ ಒಳ್ಳೇ ಮಾತು ಬರಾಕಿಲ್ವಾ ನಿಂಗೆ?"

ಮಂಡ್ಯಕ್ಕೆ ಹಿಂದಿರುಗಿ ಹಿರಿಯ ವೈದ್ಯಾಧಿಕಾರಿಗಳಲ್ಲಿ ನಿವೇದಿಸಿಕೊಂಡೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಹುಣ್ಣಿಗೆ ಏನು ಮಾಡಬೇಕೂಂತ ಕೇಳಿ, ಹೇಳ್ತೀನಿ. ಎಡೆಗೆ ಏನು ಮಾಡಬೇಕೂಂತ ನನಗೆ ಯಾರೂ ಕಲಿಸಿಲ್ಲ," ಎಂದರು. ಪಥ್ಯ ನಡೆಯದಿದ್ದರೆ ಆ ಹೆಂಗಸು ಮಳೆಗಾಲ ಕಳೆಯುವುದು ಸಂಶಯವೆಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ಸಲ ಹೋಗುವಾಗ ಬೈಸಿಕಲ್ಲು ತಾನಾಗಿಯೇ ನಿಧಾನವಾಯಿತು. ಬಾಗಿಲಲ್ಲಿ ನಿಂತು ನೋಡಿದರೆ, ನಡುಮನೆಯಲ್ಲಿ ಎರಡು ಕಂಚಿನ ತಟ್ಟೆ. ಒಂದೊಂದರಲ್ಲಿ ನಿಂಬೆಹಣ್ಣಿನಷ್ಟೇ ಮುದ್ದೆ, ಅದರ ಸುತ್ತ ಒಂದಿಷ್ಟು ಬಸ್ಸಾರು. ಈ ಕಡೆ ಸೊಸೆ, ಎದುರಿಗೆ ಅತ್ತೆ. ಗಂಡಸರಿನ್ನೂ ಗದ್ದೆಯಲ್ಲಿದ್ದರು.

ಕಾಳಮ್ಮನವರು ನನ್ನ ಮುಖ ನೋಡಿ ನಕ್ಕರು. "ಸತ್ತೋರು ಒಬ್ರೇ ಕುಂತು ಉಣ್ತಾರೆ ಕಣಪ್ಪ. ಇಬ್ರು ಎದ್ರುಬದ್ರು ಕುಂತು ಮಾತಾಡ್ಕಂಡು ಉಂಡ್ರೆ, ಮುದ್ದೆ ಎಷ್ಟೇ ಚಿಕ್ಕದಾಗ್ಲಿ, ಅದು ಎಡೆ ಅಲ್ಲ, ಊಟ."

"ಗಂಡಸರಿಗಿಂತ ಮುಂಚೆ..." ಎಂದು ನಾನು ತಡವರಿಸಿದೆ.

"ನಾನು ಈ ಮನೇಗೆ ದೊಡ್ಡೋಳು. ನಂಗೆ ಅಸಿವಾದಾಗ ನಾನು ಉಣ್ತೀನಿ. ಕೇಳೋರ್ ಯಾರು? ನಂಗೆ ಒಬ್ಳೇ ಉಣ್ಣಕ್ಕೆ ಬ್ಯಾಸ್ರ. ಅದ್ಕೆ ಇವ್ಳ್ನ ಕೂರಿಸ್ಕಂಡಿವ್ನಿ." ಆಮೇಲೆ ಸೊಸೆಯ ಕಡೆ ತಿರುಗಿ, "ಅಗಿಯೇ ಮಗ, ಅಗಿ. ಮುದ್ದೆ ಅಗುದ್ಲು ಅಂತ ನಾನ್ಯಾರಿಗೂ ಯೋಳಾಕಿಲ್ಲ," ಎಂದರು. ಪುಟ್ಟತಾಯಮ್ಮನಿಗೆ ನಗು ಬಂದು ತುತ್ತು ಬಾಯಲ್ಲೇ ನಿಂತಿತು. ಆಕೆ ನಕ್ಕುದನ್ನು ನಾನು ಕಂಡದ್ದು ಅದೇ ಮೊದಲು.

ಹೀಗೆ ಅತ್ತೆಗೆ ದಿನವಿಡೀ ಹಸಿವಾಗತೊಡಗಿತು. ಬೆಳಗ್ಗೆ ಗಂಜಿ, ಬಿಸಿಲೇರುವಾಗ ಮುದ್ದೆ, ಮಧ್ಯಾಹ್ನ ಎರಡು ತುತ್ತು ಅನ್ನ, ಸಂಜೆಗೊಂದು ಮೊಟ್ಟೆ. ಸೊಸೆಯ ಕೆನ್ನೆ ತುಂಬಿತು. ಮುಂದಿನ ಸುಗ್ಗಿಯ ಹೊತ್ತಿಗೆ ಆಕೆ ಗದ್ದೆಗೆ ಇಳಿದರು. ಅತ್ತೆಯೂ ಮಡಿಲಲ್ಲಿ ಬುತ್ತಿ ಕಟ್ಟಿಕೊಂಡು ಹಿಂದೆಯೇ ಹೋಗಿ ಬದುವಿನ ಮೇಲೆ ಕುಳಿತು ಕೂಗುತ್ತಿದ್ದರಂತೆ: "ಬಾರೇ, ನಂಗೆ ಅಸಿವಾಯ್ತು!"

ಒಂದು ಸಂತೆಯ ದಿನ ಕಾಳಮ್ಮನವರೇ ಆಸ್ಪತ್ರೆಗೆ ಬಂದರು. ಮಂಡಿ ನೋವು, ನಡೆದರೆ ಏದುಸಿರು. ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ನಾನು ಮುಖ ಸಿಂಡರಿಸಿದುದನ್ನು ಕಂಡು, "ನೋಡಪ್ಪ ನಿಮ್ ಇಂಗ್ಲಿಸ್ ಔಸ್ದಿ ಚೆಂದಾನ. ಅವ್ಳ ಒಟ್ಟೆ ಕುಯ್ದ್ರಿ, ನನ್ ಒಟ್ಟೆ ಬೆಳೀತು," ಎಂದರು. ಸೊಸೆಯ ಎದುರು ಕುಳಿತು ಉಂಡಂತೆ ನಟಿಸಿದರೆ ಸಾಕಲ್ಲವೇ ಎಂದು ಸೂಚಿಸಿದೆ. ಆಕೆ ನನ್ನನ್ನು ಕನಿಕರದಿಂದ ನೋಡಿದರು. "ನನ್ ತಟ್ಟೆ ಬರಿದಾಯ್ತಾ ಅಂತ ನೋಡ್ಕಂಡೇ ಅವ್ಳು ತುತ್ತು ಎತ್ತೋದು. ಸುಳ್ ಊಟ ಅವ್ಳ್ಗೆ ಗೊತ್ತಾಗಾಕಿಲ್ವಾ? ಮಂಡಿ ನೋಯ್ತದೆ, ಅಷ್ಟೇ ತಾನೆ. ಎಣ್ಣೆ ಕೊಡು, ಅಚ್ಕತೀನಿ."

ಎಣ್ಣೆ ಕೊಟ್ಟೆ. ನಮ್ಮ ತಂದೆಯವರ ಗಾಣದ್ದೇ.

ಈ ಪ್ರಕರಣದ ತರುವಾಯ ನನ್ನ ವಿಧಾನ ಬದಲಾಯಿತು. ಹೊಟ್ಟೆಯ ರೋಗಿ ಯಾರೇ ಬಂದರೂ, ನಾಲಗೆ ನೋಡುವುದಕ್ಕೆ ಮುಂಚೆ, "ನಿಮ್ಮ ಮನೆಯಲ್ಲಿ ಮೊದಲು ಉಣ್ಣುವವರು ಯಾರು, ಕೊನೆಗೆ ಉಣ್ಣುವವರು ಯಾರು?" ಎಂದು ಕೇಳತೊಡಗಿದೆ. ಹಿರಿಯ ವೈದ್ಯಾಧಿಕಾರಿಗಳು ಮೊದಮೊದಲು ನಕ್ಕರು. ಕೆಲವು ತಿಂಗಳ ಮೇಲೆ ಪಕ್ಕದ ಕೊಠಡಿಯಲ್ಲಿ ಅವರೇ ಅದನ್ನು ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಕಿರಿಯರು ಇದೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ.

ಯುದ್ಧ ಮುಗಿದ ಮೇಲೆ ಮರೀಗೌಡನಿಗೆ ಮದುವೆ ಗೊತ್ತಾಯಿತು. ಹೆಣ್ಣು ಚಿಕ್ಕರಸಿನಕೆರೆಯ ಕಡೆಯದು. ಬೀಗರೂಟಕ್ಕೆ ಕರೆಯಲು ಬೋರೇಗೌಡರು ಮಂಡ್ಯದ ಪಕ್ಕದ ಗುತ್ತಲಿನಲ್ಲಿದ್ದ ನನ್ನ ಬಾಡಿಗೆ ಮನೆಗೆ ಹೆಂಡತಿಯೊಂದಿಗೆ ಬಂದರು. ಹೊರಡುವಾಗ ಪುಟ್ಟತಾಯಮ್ಮ ಹಿಂದೆ ಉಳಿದರು.

"ಅಣ್ಣ, ನಿಮ್ಮಲ್ಲೊಂದು ಮಾತು. ಬೀಗ್ರ ಮುಂದೆ ನನ್ ಒಟ್ಟೆ ವಿಚಾರ ಎತ್ಬ್ಯಾಡಿ. ರೋಗಿಷ್ಟೆ ಇರೋ ಮನೇಗೆ ಎಣ್ ಕೊಟ್ವಲ್ಲ ಅಂತ ಅವ್ರು ನೊಂದ್ಕತಾರೆ. ಬರೋ ಉಡ್ಗಿ ನನ್ನ ನೋಡಿ, ಇವ್ಳ ಚಾಕ್ರಿಗೆ ನಾ ಬಂದ್ನಾ ಅಂದ್ಕಬಾರ್ದು. ಈಗ ತಾನೆ ಈ ಮನೇಲಿ ಕೆಲ್ಸಕ್ಕೆ ಬರೋಳಾಗಿವ್ನಿ."

ಆಗಲಿ ಎಂದು ಮಾತು ಕೊಟ್ಟೆ.

ಬೀಗರೂಟದ ದಿನ ಕೊತ್ತತ್ತಿಯ ಮನೆಯ ಮುಂದಿನ ಚಪ್ಪರದಲ್ಲಿ ಮೊದಲ ಪಂಕ್ತಿ ಕುಳಿತಿತು. ಒಂದು ಬದಿ ಗಂಡಸರು, ಎದುರು ಬದಿ ಬೀಗರ ಮನೆಯ ಹೆಂಗಸರು. ನನ್ನ ಪಕ್ಕದಲ್ಲಿ ಹುಡುಗಿಯ ದೊಡ್ಡಪ್ಪ. ಗಿರಿಜಾ ಮೀಸೆಯ, ಗಟ್ಟಿ ದನಿಯ ಮನುಷ್ಯ. ಮುತ್ತುಗದ ಎಲೆಗಳ ಮೇಲೆ ಮುದ್ದೆ, ಬಾಡಿನ ಸಾರು ಬೀಳುತ್ತಿದ್ದವು. ಹಿರಿಯ ಸೊಸೆಯಾದುದರಿಂದ ಪುಟ್ಟತಾಯಮ್ಮ ಬೆಳಗಿನಿಂದ ಬೀಗರ ಉಪಚಾರದಲ್ಲಿದ್ದರು. ಸಾರಿನ ಪಾತ್ರೆ ಹಿಡಿದು ನನ್ನೆದುರು ಬಂದಾಗ ಮುಖ ನೋಡಿದೆ. ತುಟಿ ಬಿಳಿಚಿತ್ತು, ಹಣೆಯಲ್ಲಿ ಬೆವರಿತ್ತು. ಬೆಳಗಿನಿಂದ ಏನೂ ಉಂಡಿಲ್ಲವೆಂದು ತಿಳಿಯಲು ವೈದ್ಯನೇ ಆಗಬೇಕಾಗಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಕೊಟ್ಟ ಮಾತು ಕೆಡುತ್ತದೆ, ಸುಮ್ಮನಿದ್ದರೆ ಆಕೆ ಆ ಪಂಕ್ತಿಯ ನಡುವೆಯೇ ಬೀಳುತ್ತಾರೆ. ನಾನು ಎಲೆಯ ಮುಂದಿನಿಂದ ಅರ್ಧ ಎದ್ದೆ.

ಅಷ್ಟರಲ್ಲಿ ಕಾಳಮ್ಮನವರು ಕಂಬದ ಬಳಿಯಿಂದ ಬಂದು, ಬೀಗರ ಹೆಂಗಸರ ಸಾಲಿನ ಕೊನೆಯಲ್ಲಿ ದೊಪ್ಪನೆ ಕುಳಿತರು. "ಎಲೆ ಹಾಕ್ರಲಾ ನಂಗೂ! ಅಸಿವು ತಡೆಯಕ್ಕಾಗಲ್ಲ!"

ಬೀಗರಿಗೆ ಬಡಿಸಬೇಕಾದ ಮನೆಯ ಯಜಮಾನಿ, ಬೀಗರು ಉಂಡು ಕೈ ತೊಳೆಯುವುದಕ್ಕೆ ಮುಂಚೆ, ಅವರ ಪಂಕ್ತಿಯಲ್ಲೇ ಕುಳಿತಿದ್ದರು.

"ಏನ್ ಬೀಗ್ತಿ, ನಾವ್ ಎಲ್ಲಾ ಖಾಲಿ ಮಾಡ್ಬುಟ್ಟೇವು ಅಂತ ಭಯ ಆಯ್ತಾ?" ಎಂದು ದೊಡ್ಡಪ್ಪ ಕೂಗಿದರು.

"ಊಂ ಕಣಪ್ಪ ಬೀಗ. ನಿನ್ ಮೀಸೆ ನೋಡೇ ಭಯ ಆಯ್ತು. ಏ ಪುಟ್ತಾಯಿ, ಆ ಪಾತ್ರೆ ಕೆಳಗಿಕ್ಕಿ ಬಾ ಇಲ್ಲಿ. ನಂಗೆ ಕಡಿಯಕ್ಕೆ ಅಲ್ಲು ಇಲ್ಲ, ಮೂಳೆಯಿಂದ ಬಾಡು ಬುಡ್ಸಿ ಕೊಡೋರ್ ಯಾರು? ಕುಂತ್ಕ ಪಕ್ಕದಲ್ಲಿ. ಇವ್ಳಿಗೂ ಒಂದ್ ಎಲೆ ಹಾಕಿ, ಮೂಳೆ ಇಕ್ಕಕ್ಕೆ."

ಚಪ್ಪರದಲ್ಲಿ ನಗೆಯೋ ನಗೆ. ಪುಟ್ಟತಾಯಮ್ಮ ಮೂಳೆಯಿಂದ ಮಾಂಸದ ಎಳೆಗಳನ್ನು ಬಿಡಿಸುತ್ತಾ ಕುಳಿತರು. ಒಂದೆಳೆ ಅತ್ತೆಯ ಎಲೆಗೆ, ಒಂದೆಳೆ ತನ್ನ ಬಾಯಿಗೆ. ನಡುವೆ ಚಿಟಿಕೆಯಷ್ಟು ಮುದ್ದೆ. ನಾನು ಕಣ್ಣು ಬೇರೆಡೆ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಕಾಳಮ್ಮನವರು ಅರೆಯುಂಡ ಎಲೆಯನ್ನು ಮಡಿಚಿದರು. ಬಾಡೆಂದರೆ ಆಕೆಗೆ ಪ್ರಾಣ.

"ನೀವು ಉಣ್ರಪ್ಪ, ಏಳ್ಬ್ಯಾಡಿ. ನಂಗೆ ಕಾಲು ಇಡ್ಕಂತು. ಎಲ್ಡನೇ ಪಂಕ್ತೀಲಿ ಇನ್ನೊಂದ್ ಸಲ ಕುಂತ್ಕತೀನಿ. ಬಾರೇ, ಒಸಿ ಕಾಲೊತ್ತು."

ಊಟ ಮುಗಿಸಿ, ಮಂಡಿಯನ್ನು ನೋಡುವ ನೆಪದಲ್ಲಿ ಒಳಮನೆಗೆ ಇಣುಕಿದೆ. ಸೊಸೆ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ತುಟಿಗೆ ಬಣ್ಣ ಬಂದಿತ್ತು. ಕಾಳಮ್ಮನವರು ಗೋಡೆಗೊರಗಿ, ಸೊಸೆಯ ಕಾಲುಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತುತ್ತಿದ್ದರು. ಹೋಗು ಎಂದು ನನಗೆ ಕೈಸನ್ನೆ ಮಾಡಿದರು.

ಹೊರಗೆ ಜಗುಲಿಯ ಮೇಲೆ ದೊಡ್ಡಪ್ಪ ಎಲೆ ಅಡಿಕೆ ಮೆಲ್ಲುತ್ತಿದ್ದರು. ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ಡಾಕ್ಟ್ರೇ, ತಪ್ ತಿಳ್ಕಬ್ಯಾಡಿ. ಎಣ್ ಕೊಟ್ಟಿರ ಮನೆ, ಅದ್ಕೇ ಕೇಳ್ತಾ ಇವ್ನಿ. ನಮ್ ಬೀಗ್ತಿಗೆ ಏನಾರ ಕಾಯ್ಲೆ ಅದಾ? ಅದೆಂಥ ಅಸಿವು ಅದು?"

ಪದಗಳನ್ನು ತೂಗಿ ಆಡುವುದು ನನ್ನ ಅಭ್ಯಾಸ. ಅಂದೂ ತೂಗಿಯೇ ಹೇಳಿದೆ. "ಕಾಯಿಲೆಯಲ್ಲ. ಆಕೆಯ ಶರೀರ ಪ್ರಕೃತಿಯೇ ಹಾಗೆ. ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪ ಉಣ್ಣಬೇಕು. ಒಬ್ಬರೇ ಕುಳಿತರೆ ಅನ್ನ ಇಳಿಯುವುದಿಲ್ಲ. ಜೊತೆಗೆ ಸೊಸೆಯಂದಿರು ಕುಳಿತಿರಬೇಕು."

"ಅಷ್ಟೇನಾ! ಅಯ್ಯೋ, ನಮ್ ಉಡ್ಗಿಗೆ ಈಗ್ಲೇ ಯೋಳ್ತೀನಿ ಬುಡಿ," ಎಂದು ಆತ ಎದ್ದು ಒಳಗೆ ಮುಖ ಹಾಕಿ ಕೂಗಿದರು: "ಲೇ ಮಗ, ನಿಮ್ಮತ್ತೆ ಉಣ್ಣಕ್ ಕುಂತಾಗೆಲ್ಲ ನೀನೂ ಜತೇಲಿ ಕುಂತ್ಕಬೇಕು, ತಿಳೀತಾ?"

ಚಪ್ಪರದಲ್ಲಿ ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಕಾಳಮ್ಮನವರು ಪುಟ್ಟತಾಯಮ್ಮನ ಕೈ ಹಿಡಿದುಕೊಂಡು ಈಚೆ ಬಂದರು. ಹಿಂದೆಯೇ ಮದುಮಗಳು ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಳು. ಪುಟ್ಟತಾಯಮ್ಮ ಅತ್ತ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.